ಹೆಂಡದ ಜಗಳಕ್ಕೆ ಬಳೆ ಸಾಬರ ತೀರ್ಪು

ಗೆಳೆಯರೇ, ಅಂತರಸಂತೆಯ ನಮ್ಮ ಮನೆಯಲ್ಲಿ ಇವತ್ತು ಅಣ್ಣನ ಮಗಳ ವೀಳ್ಯಶಾಸ್ತ್ರ ಇನ್ನೇನು ಮುರಿದೇ ಬೀಳುತ್ತಿತ್ತು. ನಮ್ಮಲ್ಲಿ ಗಂಡಿನವರೂ ಹೆಣ್ಣಿನವರೂ ಒಂದೊಂದು ಮಡಕೆ ಈಚಲು ಹೆಂಡ ತಂದಿಡಬೇಕು. ಯಾವುದು ರುಚಿಯೋ ಅದನ್ನೇ ದೇವರಿಗೆ ಮೊದಲು ಎರೆಯುವುದು.

"ನಮ್ದು ಮಾರಾಜ್ರ ಅರಮನೆಗೂ ಕಳಿಸಬೌದು ಕಣ್ರೀ," ಎಂದರು ಪಿರಿಯಾಪಟ್ಟಣದ ಗಂಡಿನವರು.

ನಾನು ಅವರದನ್ನು ಒಂದು ಗುಟುಕು ಕುಡಿದು, "ಥೂ, ಬರೀ ಹುಳಿ!" ಎಂದೆ. ಗಂಡಿನ ಸೋದರಮಾವ ನಮ್ಮದನ್ನು ಉಗಿದು, "ಗಾಡಿ ಕಟ್ರಲಾ!" ಎಂದು ಎದ್ದೇಬಿಟ್ಟ.

ಹುಡುಗಿಗೆ ಬಳೆ ತೊಡಿಸಲು ಹುಣಸೂರಿನಿಂದ ಬಂದಿದ್ದ ಸಾಬರ ಕಡೆಗೆ ಅತ್ತಿಗೆ ತಿರುಗಿದರು. "ಸಾಬ್ರೇ, ನೀವು ಆ ಕಡೆಯೋರೂ ಅಲ್ಲ, ಈ ಕಡೆಯೋರೂ ಅಲ್ಲ. ನೀವೇ ಯೋಳಿ."

ಹುಟ್ಟಿದಾಗಿನಿಂದ ಹೆಂಡ ಮುಟ್ಟದ ಮನುಷ್ಯ!

"ಬಳೆ ತೊಡಿಸೋವಾಗ ನಾನು ಕೈ ನೋಡಕಿಲ್ಲ ಕಣವ್ವ, ಮಕ ನೋಡ್ತೀನಿ. ನೋವಾಯ್ತೋ ಇಲ್ವೋ ಮಕವೇ ಯೋಳ್ತದೆ," ಎಂದರು ಸಾಬರು. "ಎಲ್ರೂ ಎರಡನ್ನೂ ಇನ್ನೊಂದ್ಸಲ ಕುಡೀರಿ."

ಕುಡಿದೆವು. ಸಾಬರು ನನ್ನನ್ನು ನೋಡಿ ನಕ್ಕರು. "ಅಣ್ಣಾವ್ರೇ, ಹುಳಿ ಕುಡ್ದೋರ ಕಣ್ಣು ಕಿರಿದಾಯ್ತದೆ. ಗಂಡಿನೋರ್ದು ಕುಡಿಯೋವಾಗ ನಿಮ್ಮ ಕಣ್ಣು ಹಾಯಾಗಿ ಮುಚ್ಕೊಂಡ್ವು. ಗೆದ್ದಿದ್ದು ಅವ್ರದೇ."

ನಿಜ, ಅಂಥ ಹೆಂಡವನ್ನು ನಾನು ಈವರೆಗೆ ಕುಡಿದೇ ಇರಲಿಲ್ಲ. ಸೋದರಮಾವ ಮೆಲ್ಲಗೆ ಕೂತ.

ಶಾಸ್ತ್ರವೇನೋ ಮುಗಿಯಿತು. ಈಗ ನನಗೆ ಬೇರೆಯೇ ದಿಗಿಲು. ಇಷ್ಟು ವರ್ಷ ನನ್ನ ಹೆಂಡತಿಗೆ ಬಳೆ ತೊಡಿಸುತ್ತಾ ಈ ಸಾಬರು ನಮ್ಮ ಸಂಸಾರದ ಬಗ್ಗೆ ಏನೇನು ತಿಳಿದುಕೊಂಡಿದ್ದಾರೋ!