ಲಾಠಿ ಸಾವ್ಕಾರರ ಮಾಯದ ಗಾಯ

ಮೊನ್ನೆ ಮೊಮ್ಮಗಳ ಕೂಸಿಗೆ ಹೆಸರಿಡುವ ದಿನ ಸೊಂಟಕ್ಕೆ ಕರಿಯ ಉಡದಾರ ಕಟ್ಟುತ್ತಿದ್ದರು. "ಬಿಗಿ ಬ್ಯಾಡ, ಬೆರಳು ಹೋಗುವಷ್ಟು ಸಡ್ಲ ಬಿಡ್ರಿ" ಎಂದು ನಾನು ಕೂಗಿದ್ದು ಸ್ವಲ್ಪ ಜೋರಾಯಿತೇನೋ, ತೊಟ್ಟಿಲ ಸುತ್ತ ಹಾಡುತ್ತಿದ್ದವರು ಹಾಡು ನಿಲ್ಲಿಸಿ ನನ್ನ ಮುಖ ನೋಡಿದರು. "ಆಯೀ, ಅದು ದಾರ, ಎತ್ತಿನ ಹಗ್ಗ ಅಲ್ಲ" ಎಂದಳು ಮೊಮ್ಮಗಳು. ದಾರವೇ, ಒಪ್ಪಿದೆ. ಆದರೆ ಒಂದು ಉಡದಾರ ಒಬ್ಬ ಮನುಷ್ಯನನ್ನು ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡವಳು. ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸೊಸೆಯಾಗಿ ಹಿರೇಕೆರೂರಿಗೆ ಬಂದೆ. ಮಾವನವರದು ಹತ್ತಿ ವ್ಯಾಪಾರ. ಊರಲ್ಲಿ ಅವರಿಗೆ ಲಾಠಿ ಸಾವ್ಕಾರರೆಂದು ಹೆಸರು. ಚಳವಳಿಯ ಕಾಲದಲ್ಲಿ ಪೊಲೀಸರ ಲಾಠಿ ಅವರ ಬಲಸೊಂಟಕ್ಕೆ ಬಿದ್ದಿತ್ತಂತೆ, ಆ ಗಾಯ ಇನ್ನೂ ಮಾಯ್ದಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂತು, ರಾಜ್ಯ ಒಂದಾಯಿತು, ಪೇಟೆಗೆ ಸರಕಾರಿ ಬಸ್ಸು ಬಂತು, ಗಾಯ ಮಾತ್ರ ಇದ್ದಲ್ಲೇ ಇತ್ತು. ಇದ್ದಲ್ಲೇ ಎಂದರೆ ತಪ್ಪಾದೀತು, ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿತ್ತು.

ಮನೆಗೆ ಬಂದವರಿಗೆ ಮೊದಲು ಚಹಾ, ಆಮೇಲೆ ಗಾಯದ ದರ್ಶನ. ಅಂಗಿ ಎತ್ತುವ ಮೊದಲು ಮಾವನವರು ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದೊಡನೆ ಹೆಂಗಸರು ಒಳಗೆ ಹೋಗಬೇಕು. ಹೀಗಾಗಿ ಇಡೀ ತಾಲೂಕು ನೋಡಿದ ಗಾಯವನ್ನು ಮನೆಯ ಸೊಸೆ ನಾನೊಬ್ಬಳೇ ನೋಡಿರಲಿಲ್ಲ. ತವರಿನಲ್ಲಿ ಯಾರಾದರೂ ಕೇಳಿದರೆ ಹೇಗಿದೆಯೆಂದು ವರ್ಣಿಸಲೂ ಬರದೆ ನನಗೆ ನಾಚಿಕೆಯಾಗುತ್ತಿತ್ತು.

ಬೇವಿನೆಣ್ಣೆ ಹಚ್ಚಿರಿ, ಅರಿಶಿಣ ಕಟ್ಟಿರಿ ಎಂದು ಯಾರಾದರೂ ಹೇಳಿದರೆ ಮಾವನವರಿಗೆ ಸಿಟ್ಟು. "ಮಾಯಬಾರದು ಅದು. ಮಾಯ್ದ್ರ ಇತಿಹಾಸನ ಹೋಗ್ತೈತಿ" ಎನ್ನುತ್ತಿದ್ದರು. ಅತ್ತೆ ಏನೂ ಅನ್ನುತ್ತಿರಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಧೋತರ ಒಗೆಯುವಾಗ ಮಾತ್ರ ಸೊಂಟದ ಕಡೆಯ ಕಲೆಯನ್ನು ಬಿಸಿಲಿಗೆ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು. ನಾನು ಬಂದಾಗ ಕೀವುನೀರಿನ ಬಣ್ಣದ್ದಾಗಿದ್ದ ಕಲೆ ಬರಬರುತ್ತ ನೆತ್ತರಿನದಾಗಿತ್ತು.

ಒಂದು ಸ್ವಾತಂತ್ರ್ಯ ದಿನಾಚರಣೆಗೆ, ಊರ ಸರಕಾರಿ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರನ್ನು ಶಾಲೆಯವರು ಅತಿಥಿಯಾಗಿ ಕರೆದಿದ್ದರು. ಮೈಸೂರು ಕಡೆಯ ಹುಡುಗ, ಇನ್ನೂ ನಮ್ಮ ಖಾರಕ್ಕೂ ಮಾತಿಗೂ ಒಗ್ಗಿರಲಿಲ್ಲ. ನಾವು ಹೆಂಗಸರು ಮನೆಯಲ್ಲೇ ಇದ್ದೆವು, ಅಲ್ಲಿ ನಡೆದದ್ದನ್ನು ಆಮೇಲೆ ಯಜಮಾನರು ಹೇಳಿದರು. ಪ್ರತಿ ವರ್ಷದಂತೆ ಮಾವನವರು ವೇದಿಕೆಯ ಮೇಲೆ ನಿಂತು ಭಾಷಣದ ಕೊನೆಗೆ ಅಂಗಿ ಎತ್ತಿದರು. ಜನ ಚಪ್ಪಾಳೆ ಹೊಡೆದರು. ಡಾಕ್ಟರು ಮಾತ್ರ ಕುರ್ಚಿ ಬಿಟ್ಟೆದ್ದು ಬಂದು, ಕನ್ನಡಕ ಏರಿಸಿ, ಗಾಯದ ಹತ್ತಿರ ಬಗ್ಗಿದರು. ಅವರು ಗಾಯಕ್ಕೆ ನಮಸ್ಕಾರ ಮಾಡುತ್ತಿದ್ದಾರೆಂದು ತಿಳಿದು ಚಪ್ಪಾಳೆ ಎರಡು ಪಟ್ಟಾಯಿತು. ಡಾಕ್ಟರು ಬೆರಳಿನಿಂದ ಗಾಯದ ಅಂಚು ಒತ್ತಿ, "ಎಷ್ಟು ವರ್ಷದಿಂದ ಇದೆ ಇದು? ರಕ್ತ ಬರುತ್ತಾ?" ಎಂದು ಕೇಳಿದರು. ಅಷ್ಟರಲ್ಲಿ ಹೆಡ್ ಮಾಸ್ತರರು ಭಾವುಕರಾಗಿ ಡಾಕ್ಟರ ಕೊರಳಿಗೆ ಇನ್ನೊಂದು ಹಾರ ಹಾಕಿದರು. ಹಾರದೊಳಗಿಂದಲೇ ಡಾಕ್ಟರು, "ಇವತ್ತೇ ನಿಮ್ಮ ಮನೆಗೆ ಬರ್ತೀನಿ" ಎಂದರು.

ಮಧ್ಯಾಹ್ನ ಬಂದರು. ಮಾವನವರ ತೊಡೆಸಂದಿಯನ್ನು ಅದುಮಿ ನೋಡಿ, "ಇದು ಚರ್ಮದ ಕ್ಯಾನ್ಸರ್ ಇದ್ದಂತಿದೆ. ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿ ಕತ್ತರಿಸಿ ತೆಗೆಸಬೇಕು. ಇಲ್ಲಿ ಇನ್ನೂ ಗಂಟು ಸಿಗುತ್ತಿಲ್ಲ, ಹರಡಿಲ್ಲ ಅಂತ ಕಾಣುತ್ತೆ. ಈಗ ಹೋದರೆ ಉಳೀತೀರಿ. ಗಂಟಾದಮೇಲೆ ಹೋದರೆ ನಾನು ಏನೂ ಹೇಳಲಾರೆ" ಎಂದರು.

ಆ ಕಾಲಕ್ಕೆ ನಮ್ಮ ಊರಿಗೆ ಆ ಶಬ್ದ ಹೊಸದು. ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ನೀಲವ್ವ ಕೇಳಿಸಿಕೊಂಡಿದ್ದು ಬಸ್ ನಿಲ್ದಾಣದಲ್ಲಿ ದಿನವೂ ಕೇಳುವ ಶಬ್ದ. "ಕ್ಯಾನ್ಸಲ್ ಆಗೇತಂತ!" ಎಂದು ಓಣಿಗೆ ಸಾರಿದಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರು ಬಂದು, "ಏನ್ ಕ್ಯಾನ್ಸಲ್ ಆತ್ರಿ? ಹಾವೇರಿ ಬಸ್ಸೇನು?" ಎಂದು ವಿಚಾರಿಸಿಕೊಂಡು ಹೋದರು.

ಮಾವನವರು ಜಗ್ಗಲಿಲ್ಲ. "ಲಾಠಿ ಏಟಿಗೆ ಸಾಯದಾವ ಈಗ ಸಾಯ್ತೇನೇನ್ರಿ?"

"ಏಟಿನ ಗಾಯ ತಾನಾಗಿ ಮಾಯಬೇಕಿತ್ತು ಯಜಮಾನರೇ. ಇಲ್ಲಿ ಏನೋ ದಿನಾ ಉಜ್ಜುತ್ತಿದೆ. ಏನದು? ಅದು ಗೊತ್ತಾಗದಿದ್ದರೆ ಕತ್ತರಿಸಿದರೂ ಮತ್ತೆ ಬರಬಹುದು."

ಮಾವನವರು ಗೋಡೆ ನೋಡಿದರು. ಆಗ ಒಳಬಾಗಿಲಿನಿಂದ ಅತ್ತೆ ಮಾತಾಡಿದರು. ಪರಗಂಡಸರ ಮುಂದೆ ಅವರ ದನಿ ಕೇಳಿದ್ದು ನನಗೆ ಅದೇ ಮೊದಲು.

"ಉಡದಾರ್ರಿ."

"ಏನಂದ್ರಿ?"

"ಬೆಳ್ಳಿ ಉಡದಾರ, ಧೋತರದ ಮಡಿಕ್ಯಾಗ ಮುಚ್ಚಿರತೈತಿ. ಪೊಲೀಸರು ಊರಿಗೆ ಬಂದ ದಿನ ಇವರು ಅಕ್ಕಸಾಲಿಗನ ಮನ್ಯಾಗ ಕುಂತು ಅಳತಿ ಕೊಡಾಕತ್ತಿದ್ರು. ಬೆಳ್ಳಿ ಉಳೀಲಿ ಅಂತ ಬಿಗಿ ಮಾಡಿಸಿಕೊಂಡ್ರು. ಅದು ಕೊರೀತು. ನಾಕ ದಿನಕ್ಕ ಸೊಂಟ ಹಿಡಕೊಂಡು ಹೊಂಟಾಗ ಯಾರೋ 'ಲಾಠಿ ಬಿತ್ತೇನ್ರಿ' ಅಂದ್ರು. ಇವರು ಹೂಂ ಅಂದ್ರು."

ಮಾವನವರು ಸಣ್ಣ ದನಿಯಲ್ಲಿ, "ನಾ ಒಂದ ಸಲ ಹೂಂ ಅಂದಿದ್ದೆ. ಉಳಿದದ್ದೆಲ್ಲಾ ಊರವರ ಅಂದ್ರು" ಎಂದರು.

ಉಡದಾರ ತೆಗೆಯಬೇಕೆಂದರೆ ಅದರ ಕೊಂಡಿ ಎಂದೋ ಸವೆದು ಕೂತುಬಿಟ್ಟಿತ್ತು. ಕತ್ತರಿಸಬೇಕು. ನಮ್ಮ ಕಡೆ ಗಂಡಸಿನ ಉಡದಾರ ಹರಿಯುವುದು ಅವನು ಸತ್ತಮೇಲೆಯೇ. "ಜೀವ ಇದ್ದಾಗ ಹರೀಬಾರದು, ಅಪಶಕುನ" ಎಂದು ನೀಲವ್ವ ಬಾಯಿಗೆ ಸೆರಗು ಒತ್ತಿದಳು. ಅತ್ತೆ ಎಲೆಅಡಿಕೆಯ ತಟ್ಟೆಯಿಂದ ಅಡಕೊತ್ತು ತಂದರು. "ಹರದ್ರ ಸಾಯ್ತಾರೋ ಇಲ್ಲೋ ನನಗ ಗೊತ್ತಿಲ್ಲ. ಹರೀದಿದ್ರ ಏನಾಗ್ತೈತಿ ಅಂತ ಡಾಕ್ಟರ್ ಹೇಳ್ಯಾರ. ಅಂಗಿ ಎತ್ರಿ."

ಮಾವನವರು ಕೆಮ್ಮುವುದನ್ನು ಮರೆತು ಅಂಗಿ ಎತ್ತಿದರು. ಹಾಗೆ ನಾನು ಆ ಗಾಯ ನೋಡಿದೆ. ಅಂಗೈಯಗಲದ ಹಸಿ ಹುಣ್ಣು, ಸುತ್ತಲೂ ಗಟ್ಟಿಯಾಗಿ ಎದ್ದುನಿಂತ ಅಂಚು. ಇಷ್ಟು ವರ್ಷ ಊರು ಚಪ್ಪಾಳೆ ಹೊಡೆದದ್ದು ಇದಕ್ಕೇ. ಅಡಕೊತ್ತು ಕಟಕ್ಕೆಂದಿತು. ನೀಲವ್ವ ಓಡಿದಳು.

"ಸಾವ್ಕಾರ್ರ ಉಡದಾರ ಹರದ್ರು!" ಎಂದರೆ ಊರು ಏನು ತಿಳಿಯಬೇಕು, ನೀವೇ ಹೇಳಿ. ಪೇಟೆಯ ಅಂಗಡಿಗಳು ಬಾಗಿಲು ಹಾಕಿದವು. ಭಜನೆಯವರು ತಾಳ ಹಿಡಿದು ಕಟ್ಟೆಗೆ ಬಂದು ಕೂತರು. ಹಂಸಭಾವಿಗೂ ಸುದ್ದಿ ಮುಟ್ಟಿ, ಸಂಜೆಯ ಬಸ್ಸಿಗೆ ಮಾವನವರ ಅಕ್ಕ ನೆಂಟರ ಹಿಂಡಿನೊಂದಿಗೆ ಇಳಿದು, ಓಣಿಯ ತುದಿಯಿಂದಲೇ ಹಾಡಿಕೊಂಡು ಅಳುತ್ತ ಬಂದರು: "ಲಾಠಿ ಉಂಡು ಬದುಕಿದಾವ, ಹೇಳದಂಗ ಹೋದ್ಯಲ್ಲೋ ನನ್ನ ತಮ್ಮಾ..."

ಮಾವನವರು ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದರು. "ಯಾರು ಹೋದ್ರು?" ಎಂದು ಗಾಬರಿಯಿಂದ ಕೇಳಿದರು.

ಅಕ್ಕ ಅಳು ನಿಲ್ಲಿಸಿ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಲಿ ಮ್ಯಾಲಿನ ಹಂಚು ಬಿಟ್ಟು ಬಂದೇನಿ, ನೀ ಇಲ್ಲಿ ರೊಟ್ಟಿ ತಿನ್ನಾಕತ್ತಿಯೇನು?" ಎಂದು ಬೈದರು. ಆಮೇಲೆ ತಮ್ಮನ ಪಕ್ಕ ಕೂತು, ಈ ಸಲ ಹಾಡಿಲ್ಲದೆ, ಸದ್ದಿಲ್ಲದೆ ಅತ್ತರು. ಕೈಯಲ್ಲಿದ್ದ ತುತ್ತನ್ನು ಮಾವನವರು ಕೆಳಗಿಟ್ಟರು. ಬಾಗಿಲಿಗೆ ಆನಿಸಿ ನಿಂತಿದ್ದ ಅತ್ತೆಯ ಕಡೆ ತಿರುಗಿ, "ನಾಳೆ ಹುಬ್ಬಳ್ಳಿಗೆ ಹೋಗೂಣು. ನೀನೂ ಬಾ" ಎಂದರು.

ಅಲ್ಲಿ ಪರೀಕ್ಷೆಯಲ್ಲಿ ಅದು ಕ್ಯಾನ್ಸರೇ ಎಂದಾಯಿತು. ಹುಣ್ಣನ್ನು ಸುತ್ತಲಿನ ಚರ್ಮದ ಸಮೇತ ಕತ್ತರಿಸಿ, ತೊಡೆಯ ಚರ್ಮ ತೆಗೆದು ಅಲ್ಲಿ ಹಚ್ಚಿದರು. ವೇಳೆಗೆ ಬಂದಿರಿ ಎಂದರಂತೆ. ಮಾವನವರು ಸೊರಗಿಹೋಗಿದ್ದರು, ಆದರೆ ನಡೆದುಕೊಂಡೇ ಮನೆಗೆ ಬಂದರು. ಧೋತರವನ್ನು ಸಡಿಲವಾಗಿ ಉಡಲು ಕಲಿಯುವಷ್ಟರಲ್ಲಿ ಪೇಟೆಯಲ್ಲಿ ಎರಡು ಸಲ ಅದು ಜಾರಿತೆಂಬುದನ್ನು ಬರೆಯಬಾರದು, ಬರೆದುಬಿಟ್ಟೆ.

ಮರುವರ್ಷ ಧ್ವಜ ಏರಿದಮೇಲೆ ಅವರು ಮೈಕಿನ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದರು. ಲಾಠಿ ಬಿದ್ದಿಲ್ಲ, ಉಡದಾರ ಕೊರೆದದ್ದು. ಮಾಯದ ಹುಣ್ಣಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ಹೆಡ್ ಮಾಸ್ತರರು ಕಣ್ಣೊರೆಸಿಕೊಂಡು, "ಎಂಥಾ ವಿನಯರಿ ಇದು!" ಎಂದರು. ಹಿಂದೆಂದೂ ಬೀಳದಷ್ಟು ಚಪ್ಪಾಳೆ ಬಿತ್ತು. "ವಿನಯ ಅಲ್ಲೋ, ಉಡದಾರ!" ಎಂದು ಮಾವನವರು ಮೈಕಿನಲ್ಲಿ ಅರಚಿದರೂ ಯಾರೂ ಕೇಳಲಿಲ್ಲ.

ಒಬ್ಬ ಕೇಳಿದ್ದ. ಅಬಲೂರಿನ ರೈತ, ಮೊಣಕಾಲಿನ ಕೆಳಗೆ ಹಳೆಯ ಸುಟ್ಟಗಾಯ ಹುಣ್ಣಾಗಿ, ಬೂದಿ ಮೆತ್ತಿ ಬಟ್ಟೆ ಕಟ್ಟಿಕೊಂಡಿದ್ದವನು. ಮಾವನವರೇ ಅವನನ್ನು ಹುಬ್ಬಳ್ಳಿಗೆ ಕರೆದೊಯ್ದರು. ತೊಡೆಸಂದಿಯಲ್ಲಿ ಆಗಲೇ ಗಂಟಾಗಿತ್ತು. ಕೆಲವೇ ತಿಂಗಳಲ್ಲಿ ಅವನು ತೀರಿಕೊಂಡ. ಅವನ ಮಣ್ಣು ಮುಗಿಸಿ ಬಂದ ದಿನ ಮಾವನವರು ಅಂಗಳದಲ್ಲೇ ಕೂತು, "ನಾ ಅಂಗಿ ಎತ್ತಿ ತೋರಿಸಿದಾಗೆಲ್ಲಾ ಅವ ಮುಂದಿನ ಸಾಲಿನ್ಯಾಗ ಕುಂತಿರ್ತಿದ್ದ" ಎಂದರು. ಅತ್ತೆ ನೀರಿನ ತಂಬಿಗೆ ಕೊಟ್ಟರು. ಅವರು ಕುಡಿಯಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ನನ್ನ ಯಜಮಾನರು ಪೇಪರು ಹಿಡಿದು ಎದುರಿಗೆ ಬಂದು ಕೂತರು. ಅವರ ಎಡಗಿವಿಯ ಮೇಲೆ ಒಂದು ಸಣ್ಣ ಹಕ್ಕಳೆ. ಕೇಳಿದರೆ ದೀಪಾವಳಿಯಿಂದ ಐತಿ ಎಂದರು. ಈಗ ಯುಗಾದಿ ಹತ್ತಿರ ಬಂತು.

"ಅದೇನಿಲ್ಲ ಬಿಡು" ಎಂದು ಪೇಪರು ಮಡಚಿ ನಕ್ಕರು. "ಅದರದೊಂದು ದೊಡ್ಡ ಕತಿ ಐತಿ."

"ಕತಿ ದಾರ್ಯಾಗ ಹೇಳ್ರಿ" ಎಂದೆ. "ಮೊದಲ ಚಪ್ಪಲಿ ಮೆಟ್ರಿ."