ಸೊಸೆಗೆ ಕೇಳಲೆಂದು ದೇವರಿಗೆ ಹೇಳಿದ್ದು

ಹಾಸಿಗೆಯಮ್ಮ ದೇವರ ಮುಂದೆ ಕೂತಳೆಂದರೆ ಎದುರುಮನೆಯವರಿಗೂ ಗೊತ್ತಾಗುತ್ತಿತ್ತು. ಹಾಸಿಗೆಯಮ್ಮ ಎಂದರೆ ಹಾಸಿಗೆ ಹಿಡಿದವಳು ಅಂದುಕೊಂಡೀರಿ, ಬಿಡ್ತು ಅನ್ನಿ! ಎಪ್ಪತ್ತರ ಹತ್ತಿರದ ಗಟ್ಟಿ ಜೀವ. ಹಾಸಿಗೆ, ದಿಂಬು ಹೊಲಿಯುವುದು ಅವಳ ಕಸುಬು. ಗಂಡನಿಂದ ಕಲಿತದ್ದು, ಗಂಡ ಹೋದ ಮೇಲೂ ಕೈಬಿಡದೆ ನಡೆಸಿಕೊಂಡು ಬಂದದ್ದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಹತ್ತಿಯ ಮೂಟೆಗಳು, ಪಟ್ಟೆಪಟ್ಟೆ ಬಟ್ಟೆಯ ಥಾನುಗಳು, ಗಾಳಿಯಲ್ಲಿ ಸದಾ ತೇಲುವ ಎಳೆಗಳು. ಮನೆಮಂದಿಯ ಹುಬ್ಬು, ರೆಪ್ಪೆ ಎಲ್ಲದರ ಮೇಲೂ ಹತ್ತಿಯೇ. ಹಿಂದುಗಡೆ ಅಡುಗೆಮನೆ. ಎರಡರ ನಡುವಿನ ಸಣ್ಣ ಕೋಣೆಯ ಮೂಲೆಯಲ್ಲಿ ಒಂದು ಹಲಗೆ, ಹಲಗೆಯ ಮೇಲೆ ದೇವರು.

ಬೆಳಗಾದರೆ ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಆ ಮೂಲೆಯಲ್ಲಿ ಕಾಲು ಮಡಚಿ ಕೂರುವಳು. ಒಂದು ದಿನವೂ ತಪ್ಪಿಸಿದವಳಲ್ಲ, ಜ್ವರ ಬಂದರೂ ತಪ್ಪಿಸಿದವಳಲ್ಲ. ಕೂತು ಕೈ ಮುಗಿದು ಶುರುಮಾಡಿದಳೋ, ಕಂಚಿನ ಕಂಠ. ಬೀದಿಯವರು "ಎಂಥ ಭಕ್ತಿ ನೋಡಿ" ಅನ್ನುವರು. ಭಕ್ತಿ ಇತ್ತು, ಇರಲಿಲ್ಲ ಅನ್ನಬಾರದು. ಆದರೆ ಆ ದನಿಯ ಅರ್ಧ ಭಾಗ ಹಲಗೆಯ ಕಡೆಗೆ ಹೋದರೆ ಇನ್ನರ್ಧ ಅಡುಗೆಮನೆಯ ಕಡೆಗೆ ಹೋಗುತ್ತಿತ್ತು.

ಮಗಳನ್ನು ಗದರಿಸಿ ಸೊಸೆಗೆ ಮುಟ್ಟಿಸುವ ಅತ್ತೆಯರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈಯಮ್ಮನಿಗೆ ಮಗಳಿಲ್ಲ, ಇರುವವನೊಬ್ಬ ಮಗ. ಅವನಿಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ. ಹಾಗಾಗಿ ಆ ಕೆಲಸಕ್ಕೆ ದೇವರನ್ನೇ ಹಿಡಿದಿದ್ದಳು.

"ದೇವರೇ, ನೀರು ಕಾಯಿಸೋಕೆ ಇಟ್ಟು ಮರೆತುಬಿಡೋ ಮನೇಲಿ ಇದೀನಿ, ನೀನೇ ಕಾಪಾಡಬೇಕಪ್ಪಾ!" ಎಂದು ಇವಳು ಅಂದರೆ, ಅಡುಗೆಮನೆಯಲ್ಲಿ ಒಲೆಯ ಮೇಲಿನ ಪಾತ್ರೆ ಧಡಕ್ಕನೆ ಇಳಿಯುತ್ತಿತ್ತು. ಸೊಸೆಯೇನು ಕಡಿಮೆಯವಳೇ? ಅವಳೂ ಅಲ್ಲೇ ನಿಂತು ಸೌಟು ಹಿಡಿದುಕೊಂಡೇ ಕೈ ಮುಗಿದು, "ದೇವರೇ, ಎಲ್ಲರ ಮಾತೂ ಕೇಳಿಸ್ಕೊಳ್ಳೋ ತಾಳ್ಮೆ ನಿನಗೆ ಕೊಟ್ಟೋರು ಯಾರಪ್ಪಾ, ನನಗೂ ಸ್ವಲ್ಪ ಕೊಡು!" ಅನ್ನುವಳು. ಮಗ ಇವರಿಬ್ಬರ ನಡುವೆ ಅಡಕತ್ತರಿಗೆ ಸಿಕ್ಕಿದವನಂತೆ ಕೂತು ತಿಂಡಿ ತಿಂದು, ಹತ್ತಿ ತರುವ ವ್ಯಾನು ಹತ್ತಿ ಹೊರಟುಬಿಡುತ್ತಿದ್ದ.

ಮೊದಲು ಹೀಗಿರಲಿಲ್ಲ. ಸೊಸೆ ಬಂದು ಏಳು ವರ್ಷ. ಬಂದವಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದವಳೇ ಹಾಸಿಗೆಯಮ್ಮ. ಹತ್ತಿ ತುಂಬಿದ ಹಾಸಿಗೆಗೆ ಅಲ್ಲಲ್ಲಿ ಗಂಟು ಹಾಕಬೇಕು, ಇಲ್ಲದಿದ್ದರೆ ಹತ್ತಿಯೆಲ್ಲ ಸರಿದು ಒಂದು ಮೂಲೆಗೆ ಸೇರುತ್ತದೆ. ಅದು ಒಬ್ಬರ ಕೆಲಸವಲ್ಲ. ಹಾಸಿಗೆಯನ್ನು ಮರದ ಚೌಕಟ್ಟಿಗೆ ನಿಲ್ಲಿಸಿ ಕಟ್ಟುತ್ತಾರೆ. ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಈಚೆಯವರು ಮೊಳದುದ್ದದ ಸೂಜಿಯನ್ನು ನೂಕುತ್ತಾರೆ, ಆಚೆಯವರು ಅಂಗೈಯಿಂದ ಬಟ್ಟೆಯನ್ನು ಒತ್ತಿಹಿಡಿದು, ಸೂಜಿಯ ತುದಿ ಬಂದೊಡನೆ ಎಳೆದುಕೊಂಡು ದಾರ ಬಿಗಿದು ಹಿಂದಕ್ಕೆ ನೂಕುತ್ತಾರೆ. ನಡುವೆ ಹಾಸಿಗೆಯಿರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣದು. ಅದಕ್ಕೇ ಬಾಯಲ್ಲಿ ಹೇಳಬೇಕು. "ಹಾಕ್ದೆ" ಅಂದಾಗ ಆಚೆಯವರು ಕೈ ಸರಿಸಿಕೊಳ್ಳಬೇಕು. "ಸಿಕ್ತು" ಅಂದಾಗ ಈಚೆಯವರು ಬಿಡಬೇಕು. ಹಾಕ್ದೆ, ಸಿಕ್ತು, ಹಾಕ್ದೆ, ಸಿಕ್ತು. ಇದರ ನಡುವೆ ಬೀದಿಯ ಸುದ್ದಿ, ನಗು, ಯಾರ ಮನೆಯಲ್ಲಿ ಯಾರು ಯಾರೊಡನೆ ಮುನಿಸಿಕೊಂಡರು ಎಂಬುದೆಲ್ಲ ಹಾಸಿಗೆಯ ಮೂಲಕವೇ ಆಚೀಚೆ ದಾಟುತ್ತಿತ್ತು. ಅತ್ತೆ ಸೊಸೆ ಅಂದರೆ ಹೀಗಿರಬೇಕು ಅಂತ ನೆರೆಯವರು ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಕೆಟ್ಟದ್ದು ಒಂದೇ ಒಂದು ಮಧ್ಯಾಹ್ನ. ಗಿರಾಕಿಯೊಬ್ಬಳು ನಿಂತಿದ್ದಾಗ ಸೊಸೆ, ಅತ್ತೆ ಹಾಕಿದ್ದ ಒಂದು ಸಾಲು ಗಂಟನ್ನು ನೋಡಿ, "ಸೊಟ್ಟ ಆಗಿದೆ ಕಣ್ರೀ, ಅತ್ತೆಗೀಗ ಕಣ್ಣು ಮಂಜು" ಅಂತ ಅಂದು, ಕತ್ತರಿಯಿಂದ ಕತ್ತರಿಸಿಯೇಬಿಟ್ಟಳು. ಹೇಳಿದ್ದು ಸುಳ್ಳೇನಲ್ಲ, ಸಾಲು ಸೊಟ್ಟವೇ ಆಗಿತ್ತು. ಆದರೆ ಮಾತು ನಿಜವಾದ ಮಾತ್ರಕ್ಕೆ ಆಡಿಬಿಡಬೇಕೇ, ಅದೂ ಹೊರಗಿನವರ ಎದುರಿಗೆ? ಹಾಸಿಗೆಯಮ್ಮನ ಮುಖ ಚಿಕ್ಕದಾಯಿತು. ಸಂಜೆ ಸೊಸೆ "ಬೇಜಾರಾಯ್ತಾ ಅತ್ತೆ?" ಅಂತ ಕೇಳಲು ಬಂದಳು. ಇವಳು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಮಾಡಿದ ಪುಣ್ಯಾತ್ಮರು ಅತ್ತೆ ಸೊಸೆಯರ ಜಗಳಕ್ಕೆ ಅಂಥ ಗಡುವು ಏನನ್ನೂ ಇಟ್ಟಿಲ್ಲ ನೋಡಿ. ಅಂದಿನಿಂದ ನೇರ ಮಾತು ಬಂದ್. ಇದ್ದದ್ದು ದೇವರ ಮೂಲಕ ಮಾತ್ರ.

ಕೆಲಸ ನಿಲ್ಲಿಸುವಂತಿಲ್ಲವಲ್ಲ! ಮಾತಿಲ್ಲದೆ ಸೂಜಿ ದಾಟಿಸುವುದು ಹೇಗೆ? ಬಟ್ಟೆಯ ಮೇಲೆ ಬೆರಳಿಂದ ತಟ್ಟುವುದನ್ನು ಸೊಸೆ ಶುರುಮಾಡಿದಳು, ಅತ್ತೆಯೂ ಒಪ್ಪಿಕೊಂಡಳು. ತಟ್ಟಿದರೆ ಬರುತ್ತಿದೆ ಅಂತ ಅರ್ಥ. ತಿಂಗಳೆರಡು ಹೀಗೇ ಕಳೆಯಿತು.

ಆವತ್ತು ಬೆಳಗ್ಗೆ ಹಾಸಿಗೆಯಮ್ಮ ದೇವರಿಗೆ, "ನೆನ್ನೆ ಮೊನ್ನೆ ಸೂಜಿ ಹಿಡಿದೋರೆಲ್ಲ ನನಗೆ ಪಾಠ ಹೇಳೋ ಕಾಲ ಬಂತಲ್ಲಪ್ಪಾ!" ಅಂದಳು. ಅಡುಗೆಮನೆಯಿಂದ ಉತ್ತರ ಬಂತು: "ದೇವರೇ, ಕನ್ನಡಕ ಬೇಡ ಅನ್ನೋರಿಗೆ ಕಣ್ಣಾದ್ರೂ ಕೊಡಪ್ಪಾ, ಇಲ್ಲಾಂದ್ರೆ ಮೂಲೇಲಿ ಕೂತು ಜಪ ಮಾಡೋ ಬುದ್ಧಿಯಾದ್ರೂ ಕೊಡು." ಕಸುಬು ಬಿಟ್ಟು ಮೂಲೆ ಸೇರು ಅಂದಂತೆಯೇ ಆಯಿತಲ್ಲ! ಮುದುಕಿಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು.

ಹೊತ್ತೇರಿದ ಮೇಲೆ ಇಬ್ಬರೂ ಚೌಕಟ್ಟಿನ ಆಚೀಚೆ ನಿಂತರು. ಸಿಟ್ಟು ಇಳಿದಿರಲಿಲ್ಲ. ಹಾಸಿಗೆಯಮ್ಮ ಸೂಜಿ ಎತ್ತಿಕೊಂಡಳು, ಬಟ್ಟೆಗೆ ಊರಿದಳು. ತಟ್ಟಲಿಲ್ಲ. ನೂಕಿದಳು.

ಆಚೆಯಿಂದ "ಅಮ್ಮಾ!" ಎಂಬ ಕೂಗು ಬಂತು. ಸೂಜಿ ಸೊಸೆಯ ಹೆಬ್ಬೆರಳ ಬುಡಕ್ಕೆ ಹೊಕ್ಕಿತ್ತು. ಓಡಿಹೋಗಿ ಬಟ್ಟೆ ಸುತ್ತಿದ್ದು ಮುದುಕಿಯೇ, ನೀರು ಕುಡಿಸಿದ್ದು ಅವಳೇ. ಮಗ ಬಂದು "ಏನಾಯ್ತಮ್ಮಾ?" ಅಂದಾಗ ಬಾಯಿಗೆ ಬಂದದ್ದು ಮಾತ್ರ, "ಕೈ ಜಾರ್ತು ಕಣೋ." ಸೊಸೆ ಒಮ್ಮೆ ತಲೆಯೆತ್ತಿ ನೋಡಿದಳು. ಆಮೇಲೆ ತಲೆತಗ್ಗಿಸಿ ಬಟ್ಟೆಯ ಗಂಟು ಬಿಗಿದುಕೊಂಡಳು.

ಗಾಯ ವಾಸಿಯಾಗಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಕೈ ಮಣಿಕಟ್ಟಿನವರೆಗೆ ಊದಿಕೊಂಡು ಕೆಂಪಾಯಿತು. ಮಗ ಅವಳನ್ನು ಆಸ್ಪತ್ರೆಗೆ ಸೇರಿಸಿದ. ಡಾಕ್ಟರು ಕೊಯ್ದು ಕೀವು ತೆಗೆದರಂತೆ, ಬೆರಳು ಮೊದಲಿನಂತೆ ಮಡಚಲು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಅಂದರಂತೆ. ಬಟ್ಟೆಬರೆ ಒಯ್ಯಲು ಬಂದ ಮಗ ಬಾಗಿಲಲ್ಲೇ ನಿಂತು, "ಅಮ್ಮಾ, ಅವಳು ಅಲ್ಲಿಂದ ನೇರ ತನ್ನ ಅಕ್ಕನ ಮನೆಗೆ ಹೋಗ್ತಾಳಂತೆ" ಅಂದ.

"ಎಷ್ಟು ದಿನಕ್ಕೆ?"

"ಅದನ್ನೇ ಕೇಳ್ದೆ. ಆಮೇಲೆ ನೋಡೋಣ ಅಂದ್ಲು." ಅವನ ಕಣ್ಣು ಕೆಂಪಾಗಿತ್ತು. ಚೀಲ ತೆಗೆದುಕೊಂಡು ಆಸ್ಪತ್ರೆಗೆ ಹೋದವನು ರಾತ್ರಿ ಅಲ್ಲೇ ಉಳಿದ.

ಮಾರನೆಯ ಬೆಳಗ್ಗೆ ಮನೆಯಲ್ಲಿ ಹಾಸಿಗೆಯಮ್ಮ ಒಬ್ಬಳೇ. ಅಭ್ಯಾಸ ಬಲದಿಂದ ಮುಖ ತೊಳೆದು ಮೂಲೆಗೆ ಹೋಗಿ ಕೂತಳು. ಕೈ ಮುಗಿದಳು. ಎಂದಿನ ಗಟ್ಟಿ ದನಿಯಲ್ಲೇ, "ದೇವರೇ, ನಾನೇನು ಬೇಕಂತ ಮಾಡಿದ್ನೇನಪ್ಪಾ? ವಯಸ್ಸಾಯ್ತು, ಕೈ ಜಾರ್ತು!" ಅಂದಳು. ಅಂದವಳು ತನಗರಿವಿಲ್ಲದೆ ಕತ್ತು ಹೊರಳಿಸಿ ಅಡುಗೆಮನೆಯತ್ತ ಕಿವಿಗೊಟ್ಟಳು.

ಪಾತ್ರೆಯ ಸದ್ದಿಲ್ಲ. ಬಳೆಯ ಸದ್ದಿಲ್ಲ. ಒಲೆ ತಣ್ಣಗಿತ್ತು.

ಅಲ್ಲಿಗೆ ಅವಳ ನಾಲಿಗೆ ನಿಂತುಹೋಯಿತು. ಆ ಸುಳ್ಳನ್ನು ಯಾರಿಗೆ ಹೇಳಿದಂತಾಯಿತು? ಕೇಳಿ ನಂಬಬೇಕಾದವಳು ಮನೆಯಲ್ಲಿಲ್ಲ. ಇರುವವನು ಹಲಗೆಯ ಮೇಲಿನವನೊಬ್ಬನೇ, ಅವನಿಗೋ ಅದು ಸುಳ್ಳು ಅಂತ ಗೊತ್ತು. ಅಯ್ಯೋ, ನಾಚಿಕೆಯಾಯಿತು ಅವಳಿಗೆ, ಸಭೆಯ ನಡುವೆ ಸೆರಗು ಜಾರಿದಷ್ಟು ನಾಚಿಕೆ. ಮುಗಿದ ಕೈ ಮಡಿಲಿಗೆ ಬಿತ್ತು.

ದೇವರ ಜೊತೆ ಮಾತಾಡಲು ಅವಳಿಗೆ ಮಾತೇ ಸಿಗಲಿಲ್ಲ. ಜೀವಮಾನವೆಲ್ಲ ದಿನಾ ಬಂದು ಕೂತವಳಿಗೆ! ಯೋಚಿಸಿದಳು. ಹುಡುಗಿಯಾಗಿದ್ದಾಗ ಅಮ್ಮನ ಏಟಿಗೆ ಹೆದರಿ ಬಂದು ಕೂತದ್ದು. ಮದುವೆಯಾದ ಮೇಲೆ ಮಗು ಕೊಡು ಅಂತ. ಕೊಟ್ಟ ಮೇಲೆ ಆ ಮಗುವಿನ ಕೆಮ್ಮು ವಾಸಿಮಾಡು ಅಂತ. ಗಂಡ ಮಲಗಿದಾಗ ಹಲಗೆಗೆ ತಲೆ ಚಚ್ಚಿಕೊಂಡು ಬೇಡಿದ್ದು, ಅವನು ಹೋದಾಗ ಬೈದದ್ದು. ಆಮೇಲೆ ಬರೀ ಚಾಡಿ. ಕೆಲಸ ಇದ್ದಾಗ ಮಾತ್ರ ಬಾಗಿಲು ತಟ್ಟುವ ನೆಂಟರನ್ನು ಕಂಡರೆ ಅವಳಿಗೇ ಆಗುತ್ತಿರಲಿಲ್ಲ. ಈಗ ನೋಡಿದರೆ ತಾನೂ ಅಂಥವಳೇ. ಅವರಿಗಿಂತಲೂ ಕಡೆ, ಬಂದು ಕೂತು ಪಕ್ಕದವರ ಜೊತೆ ಮಾತಾಡಿ ಎದ್ದುಹೋಗುವವಳು.

ಎದ್ದುಬಿಡೋಣ ಅಂದುಕೊಂಡಳು. ಏಳಲೂ ಮನಸ್ಸಾಗಲಿಲ್ಲ. ಸೊಸೆಯನ್ನು ವಾಪಸು ಕಳಿಸು ಅಂತ ಕೇಳೋಣವೆಂದರೆ ಬಾಯಿ ಬರಲಿಲ್ಲ. ಸೂಜಿ ನೂಕಿದ ಕೈಯಿಂದಲೇ ಅದನ್ನು ಬೇಡುವುದು ಹೇಗೆ? ಸುಮ್ಮನೆ ಕೂತಳು. ಬಹಳ ಹೊತ್ತಿನ ಮೇಲೆ, ಎದುರುಮನೆಗಿರಲಿ, ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಬೇಕಂತಲೇ ಮಾಡ್ದೆ" ಅಂದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ನನಗೇನೂ ಬೇಡ. ಇಲ್ಲೇ ಸ್ವಲ್ಪ ಕೂತಿರ್ತೀನಿ" ಅಂದಳು.

ಉತ್ತರವೇನೂ ಬರಲಿಲ್ಲ. ಬಂದಿತ್ತು ಅಂತ ಹೇಳಿದರೆ ಕಥೆಗೆ ಚೆನ್ನಾಗಿರುತ್ತಿತ್ತೇನೋ, ಆದರೆ ಬರಲಿಲ್ಲ. ಯಾರೋ ಪಕ್ಕದಲ್ಲಿ ಕೂತಿದ್ದಾರೆ, ಅವರಿಗೂ ಅವಸರವಿಲ್ಲ ಅನ್ನಿಸಿತು, ಅಷ್ಟೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಾಗ ಎದ್ದು ಮುಖ ಒರೆಸಿಕೊಂಡು, ಬಾಗಿಲಿಗೆ ಬೀಗ ಹಾಕಿ ಆಸ್ಪತ್ರೆಗೆ ಹೊರಟಳು.

ಉದ್ದನೆಯ ಕೋಣೆಯ ಕೊನೆಯ ಮಂಚದಲ್ಲಿ ಸೊಸೆ ಒರಗಿ ಕೂತಿದ್ದಳು. ಕೈಗೆ ದಪ್ಪನೆಯ ಬಿಳಿ ಪಟ್ಟಿ. ತಾಯಿಯನ್ನು ಕಂಡು ಮಗ ಸ್ಟೂಲಿನಿಂದ ಎದ್ದ, ಇನ್ನೇನು ಕಾದಿದೆಯೋ ಅಂದುಕೊಂಡು ಕಾಫಿ ತರುವ ನೆಪದಲ್ಲಿ ಜಾರಿಕೊಂಡ. ಎರಡು ತಿಂಗಳ ಮೇಲೆ ಅವರಿಬ್ಬರೂ ಮಾತಿಗೆಂದು ಎದುರುಬದುರಾಗಿದ್ದರು, ನಡುವೆ ಹಾಸಿಗೆಯಿಲ್ಲದೆ, ಗೋಡೆಯಿಲ್ಲದೆ.

ಹಾಸಿಗೆಯಮ್ಮ ಬಾಯಿ ತೆರೆದಳು. "ದೇವ..." ಅಂತ ಬಂತು. ನಾಲಿಗೆ ಕಚ್ಚಿಕೊಂಡಳು.

"ನೋಡಮ್ಮಾ, ಅವತ್ತು ನಾನು ತಟ್ಟಲಿಲ್ಲ. ಮರೆತಿದ್ದಲ್ಲ. ಕೈಯೂ ಜಾರಲಿಲ್ಲ."

"ಗೊತ್ತು" ಅಂದಳು ಸೊಸೆ.

"ಗೊತ್ತಿತ್ತಾ?"

"ಏಳು ವರ್ಷದಿಂದ ನಿಮ್ಮ ಸೂಜಿ ಹಿಡೀತಾ ಇದೀನಿ ಅತ್ತೆ. ಜಾರಿದ್ದು ಯಾವುದು, ನೂಕಿದ್ದು ಯಾವುದು ಅಂತ ಗೊತ್ತಾಗಲ್ವಾ?"

ಮುದುಕಿ ಮಂಚದ ಕಂಬಿ ಹಿಡಿದುಕೊಂಡಳು. "ಮತ್ತೆ ಗಂಡನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವರು ನಿಮ್ಮ ಮುಖ ನೋಡ್ತಿದ್ರಾ? ಅವರಿಗೆ ಇರೋಳು ಒಬ್ಳೇ ತಾಯಿ." ಸೊಸೆ ಕಿಟಕಿಯ ಕಡೆ ತಿರುಗಿದಳು. "ನನ್ನದೂ ತಪ್ಪಿದೆ ಬಿಡಿ. ಆ ಗಿರಾಕಿ ಎದುರಿಗೆ ಹಾಗೆ ಅನ್ನಬಾರದಿತ್ತು. ಅದನ್ನ ಎಷ್ಟು ಸಲ ಹೇಳೋಕೆ ಬಂದೆ, ನೀವು ಬಾಯೇ ಬಿಡಲಿಲ್ಲ. ಈಗೇನು, ನನ್ನ ಅಕ್ಕನ ಮನೆಗೆ ಹೋಗಬೇಡ ಅನ್ನೋಕೆ ಬಂದ್ರಾ?"

"ಅಲ್ಲಮ್ಮಾ. ಹೋಗು. ಹೋಗೋಷ್ಟು ನೋವು ಕೊಟ್ಟಿದೀನಿ ನಾನು."

"ಕ್ಷಮಿಸು ಅಂತ ಕೇಳೋಕಾ?"

"ಕೇಳಬೇಕು. ಕೇಳ್ತೀನಿ. ಆದ್ರೆ ಅದಕ್ಕೂ ಅಲ್ಲ ಬಂದಿದ್ದು." ಹಾಸಿಗೆಯಮ್ಮ ತಡವರಿಸಿದಳು. ಅಷ್ಟು ಮಾತಿನ ಮಲ್ಲಿ, ಒಂದು ಮಾತಿಗೆ ಹುಡುಕಾಡಿದಳು. "ನೀನು ಇಲ್ಲಿದ್ದೀಯಲ್ಲ, ಅದಕ್ಕೆ ಬಂದೆ. ಸುಮ್ನೆ. ನಿನ್ನ ಹತ್ರ ಕೂತಿರೋಣ ಅಂತ."

ಸೊಸೆ ಕಿಟಕಿಯಿಂದ ಇತ್ತ ತಿರುಗಿದಳು.

"ಇಲ್ಲಿಗೆ ಬಂದಾಗಿನಿಂದ ಆ ಬಾಗಿಲನ್ನೇ ನೋಡ್ತಾ ಇದೀನಿ ಅತ್ತೆ. ಯಾರ ಹೆಜ್ಜೆ ಕೇಳಿದ್ರೂ ನೀವೇನೋ ಅಂತ. ನೀವು ಏನೂ ಹೇಳೋದು ಬೇಡವಾಗಿತ್ತು ನನಗೆ. ಬೈದಿದ್ರೂ ಸರಿ. ಬಂದು ಮುಖ ತೋರಿಸಿದ್ರೆ ಸಾಕಾಗಿತ್ತು. ನಿನ್ನೆ ಕೈ ಕೊಯ್ಯೋವಾಗ್ಲೂ ನೀವು ಬರಲಿಲ್ಲ. ಅದಕ್ಕೇ ಅಕ್ಕನ ಮನೆ ಅಂದೆ."

ಹಾಸಿಗೆಯಮ್ಮನಿಗೆ ಆಗ ಮನೆಯ ಆ ಮೂಲೆ ಕಣ್ಣ ಮುಂದೆ ಬಂತು. ಅಲ್ಲೂ ಯಾರೋ ಇಷ್ಟು ವರ್ಷ ಹೀಗೆಯೇ ಕಾಯುತ್ತ ಕೂತಿದ್ದರೇನೋ, ಏನೂ ತರದಿದ್ದರೂ ಆಗಲಿ, ಏನೂ ಕೇಳದಿದ್ದರೂ ಆಗಲಿ, ಬಂದು ಒಂದು ಸಲ ತಮ್ಮ ಕಡೆ ಮುಖ ತಿರುಗಿಸಲಿ ಎಂದು. ದಿನಾ ಹೋಗಿದ್ದಳು, ಒಂದು ದಿನವೂ ತಿರುಗಿರಲಿಲ್ಲ.

"ಸ್ವಲ್ಪ ಸರ್ಕೊಳ್ಳೇ" ಅಂದಳು. ಸೊಸೆ ಸರಿದು ಜಾಗ ಕೊಟ್ಟಳು. ಮುದುಕಿ ಮಂಚದ ಮೇಲೆ ಅವಳ ಪಕ್ಕ ಕೂತು, ಯಾರು ಕೇಳಿಸಿಕೊಂಡರೂ ಚಿಂತೆಯಿಲ್ಲದೆ ಅತ್ತಳು.