ಗುಂಯ್ ಎನ್ನುತ್ತಿದ್ದ ಡಬ್ಬಿ

ಒಂದು ವರ್ಷದಿಂದ ದಿನಾ ಬೆಳಿಗ್ಗೆ ಮುಖ ತೊಳೆದ ಮೇಲೆ, ಕಾಫಿಗೂ ಮೊದಲು, ಡಬ್ಬಿಯಣ್ಣ ಒಂದು ಕೆಲಸ ಮಾಡುತ್ತಾನೆ. ಹಿಂದಿನ ದಿನ ಜೋಡಿಸಿದ ಡಬ್ಬಿಗೆ ಕರೆಂಟು ಕೊಟ್ಟು, ಹೆಡ್‌ಫೋನು ಹಾಕಿಕೊಂಡು, ಸದ್ದಿನ ತಿರುಪನ್ನು ಕೊನೆಯವರೆಗೂ ತಿರುಗಿಸಿ, ಕಣ್ಣು ಮುಚ್ಚಿ ಕೂರುತ್ತಾನೆ. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ. ಅವನ ಹೆಂಡತಿ, “ಜಪಕ್ಕೆ ಕೂತ್ರು, ಈಗ ಮಾತಾಡಿಸ್ಬೇಡಿ” ಎನ್ನುತ್ತಾಳೆ. ನಾನು ಪಕ್ಕದ ಮನೆಯವಳು, ದಿನಾ ಜಪ ಮಾಡುವವಳು. ಅಷ್ಟು ಗಮನ ನನಗೆ ಇನ್ನೂ ಕೂಡಿ ಬಂದಿಲ್ಲ.

ಅವನ ಹೊಟ್ಟೆಪಾಡು ತಕ್ಕಡಿ ರಿಪೇರಿ. ಸಂಜೆಯ ಹೊತ್ತು ಮೆಟ್ಟಿಲ ಕೆಳಗಿನ ಇಕ್ಕಟ್ಟು ಜಾಗದಲ್ಲಿ ತಗಡು ಕತ್ತರಿಸಿ, ಅಂಚು ಉಜ್ಜಿ, ಡಬ್ಬಿ ಮಾಡಿ, ಅದರೊಳಗೆ ಆಂಪ್ಲಿಫೈಯರೋ ರೇಡಿಯೋವೋ ಕೂರಿಸುತ್ತಾನೆ. ಮುಚ್ಚಳ ತೆಗೆದರೂ ಚೆಂದ ಕಾಣಬೇಕು ಎನ್ನುವ ಹಟ ಅವನದು. ಸ್ಕ್ರೂಗಳ ಸೀಳು ಕೂಡ ಒಂದೇ ದಿಕ್ಕಿಗೆ ನಿಲ್ಲಬೇಕು.

ತಾಯಿ ಇಲ್ಲದ ಅವನನ್ನು ಮೂಗು ಒರೆಸಿ ಬೆಳೆಸಿದವಳು ಅಕ್ಕ. ಆಕೆ ಒಂದು ಇಸ್ತ್ರಿ ಅಂಗಡಿಯ ಗಲ್ಲೆಯಲ್ಲಿ ಕೂತು ಬಟ್ಟೆಯ ಲೆಕ್ಕ ಬರೆದುಕೊಳ್ಳುತ್ತಿದ್ದಳು. ನಲವತ್ತೆಂಟಕ್ಕೆ ಕಿವಿ ಮಂದವಾಯಿತು. “ನಾಳೆ ಬೇಕು” ಎಂದವರ ಬಟ್ಟೆ ನಾಡಿದ್ದಿಗೆ ಹೋಗತೊಡಗಿತು. ಆಗ ಡಬ್ಬಿಯಣ್ಣ ಗಲ್ಲೆಯ ಮೇಲಿಡಲು ಒಂದು ಡಬ್ಬಿ ಮಾಡಿದ. ಮುಂದೆ ಮೈಕು, ಗಿರಾಕಿ ಮಾತಾಡಿದರೆ ಅಕ್ಕನ ಹೆಡ್‌ಫೋನಿನಲ್ಲಿ ದೊಡ್ಡದಾಗಿ ಕೇಳಬೇಕು.

ಡಬ್ಬಿ ಒಂದು ಗೇಣಿನದು. ಎಡಕ್ಕೆ ಫ್ಯೂಸು, ಪಟ್ಟಿ ಬಿಗಿದ ಕೆಪಾಸಿಟರು, ಆಮೇಲೆ ಭಾರದ ಟ್ರಾನ್ಸ್‌ಫಾರ್ಮರು, ಅದಕ್ಕೆ ಒತ್ತಿಕೊಂಡು ಮೈಕಿನ ಪುಟ್ಟ ಸುರುಳಿ. ಎಲ್ಲವೂ ದಾರ ಹಿಡಿದಂತೆ ಒಂದೇ ಸಾಲಿನಲ್ಲಿ. ಟ್ರಾನ್ಸ್‌ಫಾರ್ಮರನ್ನು ಮೈಕಿನ ಸುರುಳಿಗೆ ಅಡ್ಡಲಾಗಿ ಕೂರಿಸಬೇಕು, ಇಲ್ಲದಿದ್ದರೆ ಗುಂಯ್ ಎನ್ನುತ್ತದೆ ಎಂದು ಅವನು ಓದಿದ್ದ. ಅಡ್ಡ ಕೂರಿಸಿದರೆ ಸಾಲು ಕೆಡುತ್ತಿತ್ತು. ಅರ್ಧ ತಿರುಪಿಗೆ ಕೇಳಿ ನೋಡಿದ. ಸದ್ದೇನೂ ಇರಲಿಲ್ಲ. ಅದಕ್ಕಿಂತ ಹೆಚ್ಚಿಸಿದರೆ ಅವನ ಕಿವಿಗೇ ಹೊಡೆಯುತ್ತಿತ್ತು, ಹಾಗಾಗಿ ಅಲ್ಲಿಗೇ ಬಿಟ್ಟ.

ಅಕ್ಕನಿಗೆ ಪೂರ್ತಿ ತಿರುಪು ಬೇಕಿತ್ತು.

“ಇದರೊಳಗೆ ಜೇನುಹುಳ ಸಾಕಿದೀಯೇನೋ?” ಎಂದಳು ವಾರದ ಮೇಲೆ.

“ಹುಳ ಡಬ್ಬೀಲಿಲ್ಲ ಅಕ್ಕ, ನಿನ್ನ ಕಿವೀಲಿದೆ. ಡಾಕ್ಟ್ರೇ ಹೇಳಿಲ್ವಾ, ಕಿವಿ ಹೋಗೋ ಮುಂಚೆ ಒಳಗೇ ಸದ್ದು ಶುರುವಾಗುತ್ತೆ ಅಂತ?”

“ಹಾಗಾದ್ರೆ ಅದರ ಹತ್ರ ಬಾಡಿಗೆ ವಸೂಲಿ ಮಾಡ್ಬೇಕು ಬಿಡು,” ಎಂದು ನಕ್ಕಳು. ತಮ್ಮನ ಮಾತೆಂದರೆ ಅವಳಿಗೆ ವೇದ. ಇನ್ನೆರಡು ಸಲ ಹೇಳಿದಳು, ಅವನು ಅದೇ ಉತ್ತರ ಕೊಟ್ಟ. ಆಮೇಲೆ ಹೇಳುವುದನ್ನೇ ಬಿಟ್ಟಳು. ಡಬ್ಬಿಗೆ ಬಟ್ಟೆ ಹೊದಿಸಿ ಅಟ್ಟಕ್ಕೆ ಹಾಕಿದಳು, ಗಲ್ಲೆ ಬಿಟ್ಟಳು. ಇಲ್ಲದ ಸದ್ದು ತನಗೆ ಕೇಳಿಸುತ್ತಿದೆ, ತಲೆಯೂ ಕೆಡುತ್ತಿದೆಯೋ ಏನೋ ಎಂಬ ಹೆದರಿಕೆಯಿಂದ ಜನರ ನಡುವೆ ಕೂರುವುದನ್ನೇ ಕಡಿಮೆ ಮಾಡಿದಳು. ಮೂರು ವರ್ಷದಲ್ಲಿ ಕಿವಿ ಪೂರ್ತಿ ಹೋಯಿತು. ಈಗ ಮನೆಯಲ್ಲಿ ಅವಳಿಗೆ ಏನು ಹೇಳಬೇಕಾದರೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ.

ಕಳೆದ ವರ್ಷ ಅಕ್ಕನ ಮಗಳು ಅಟ್ಟ ಗುಡಿಸುವಾಗ ಆ ಡಬ್ಬಿ ಸಿಕ್ಕಿತು. ಬೇರೆ ಏನಕ್ಕಾದರೂ ಬರುತ್ತದೆಂದು ಮಾವನಿಗೆ ತಂದುಕೊಟ್ಟಳು. ಅಕ್ಕ ಬಿಟ್ಟಲ್ಲೇ ತಿರುಪು ನಿಂತಿತ್ತು, ಕೊನೆಯಲ್ಲಿ. ಅವನು ಅದನ್ನು ಗಮನಿಸದೆ ಹೆಡ್‌ಫೋನು ಹಾಕಿಕೊಂಡು ಕರೆಂಟು ಕೊಟ್ಟ. ತಲೆ ತುಂಬ ಗುಂಯ್ ಎಂದಿತು. ನಾಲ್ಕು ಸ್ಕ್ರೂ ಬಿಚ್ಚಿ ಟ್ರಾನ್ಸ್‌ಫಾರ್ಮರನ್ನು ಕೈಯಲ್ಲೇ ಕಾಲು ಸುತ್ತು ತಿರುಗಿಸಿದ. ಸದ್ದು ಅಡಗಿತು. ಮೆಟ್ಟಿಲ ಮೇಲೆ ಹೆಂಡತಿ ಸೆರಗು ಕೊಡವಿದ್ದು ಕೇಳಿಸಿತು.

“ಹತ್ತು ನಿಮಿಷದ ಕೆಲಸ ಕಣಮ್ಮ,” ಎಂದು ನನ್ನ ಮುಂದೆ ಒಂದು ಸಲ ಹೇಳಿದ. “ಆಗ್ಲೇ ಮಾಡಿದ್ರೆ ಮೂರು ವರ್ಷ ಮಾತು ಕೇಳಿರೋಳು.” ಅಕ್ಕನಿಗೆ ಇದನ್ನು ಹೇಳಬೇಕು ಎನ್ನುತ್ತಲೇ ತಿಂಗಳುಗಳನ್ನು ದೂಡಿದ. ಅವಳ ಮನೆಗೆ ಹೋಗಿ, ಊಟ ಮಾಡಿ, ಬರುತ್ತಿದ್ದ.

ಹೋದ ಭಾನುವಾರ ನಾನೂ ಅಲ್ಲಿದ್ದೆ. ಅಕ್ಕ ಕಿಟಕಿಯ ಬಳಿ ಗುಂಡಿ ಹೊಲಿಯುತ್ತಿದ್ದಳು. ಅವನು ಸ್ಲೇಟು ಹಿಡಿದು, ಎರಡು ಪದ ಬರೆದು, ಒರೆಸಿದ. ಮತ್ತೆ ಬರೆದು ಒರೆಸಿದ. ಬಳಪ ಮುರಿಯಿತು.

ಅವನಿಂದ ವಿಷಯ ತಿಳಿದಿದ್ದ ಅಕ್ಕನ ಮಗಳು ಮೆಲ್ಲಗೆ ಪಕ್ಕದಲ್ಲಿ ಕೂತಳು. “ಕೊಡು ಮಾವ, ನಾನು ಬರೀತೀನಿ. ಡಬ್ಬಿ ಹಳೇದಾಗಿ ಕೆಟ್ಟಿತ್ತಂತೆ, ಅಮ್ಮಂಗೆ ಕೇಳಿದ್ದು ನಿಜದ ಸದ್ದೇ ಅಂತೆ ಅಂತ. ಅವಳ ಹೆದರಿಕೆನೂ ಹೋಗುತ್ತೆ, ನಿನ್ನ ಹೆಸರೂ ಬರಲ್ಲ. ಆಗಲ್ವಾ?”

ಅಕ್ಕ ಸೂಜಿ ನಿಲ್ಲಿಸಿ ಇಬ್ಬರನ್ನೂ ನೋಡಿದಳು.

ಅವನು ಸ್ಲೇಟನ್ನು ತನ್ನ ಮಂಡಿಯ ಮೇಲಕ್ಕೆ ಎಳೆದುಕೊಂಡ. “ಬೇಡ ಮಗಳೇ. ಅದು ಹೊಸದಾಗಿದ್ದಾಗ್ಲೇ ಹಾಗಿತ್ತು. ನಾನೇ ಬರೀತೀನಿ.”